ಕೆರೆ ದಂಡೆಯ ಪ್ರಶ್ನೋತ್ತರ: ಮೂಗೆತ್ತುವ ದೋಣಿ, ಊದುವ ಬ್ಯಾಟರಿ

ಹೋದ ಸಂಚಿಕೆಯಲ್ಲಿ ನನ್ನ ರಿಮೋಟ್ ಹೈಡ್ರೋಪ್ಲೇನ್ ದೋಣಿಯ ಫೋಟೋ ಹಾಕಿ, ಕೆಳಗೆ ‘ಪ್ರಶ್ನೆ ಇದ್ರೆ ಕೇಳಿ’ ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿರಲಿಲ್ಲ. ಅರ್ಧಕ್ಕರ್ಧ ಜನ ಕೇಳಿರುವುದು ಒಂದೇ, ಎಷ್ಟು ಸ್ಪೀಡ್ ಹೋಗುತ್ತೆ ಅಂತ. ಲೆಕ್ಕ ಸಮೇತ ಕೆಳಗೆ ಹೇಳಿದ್ದೇನೆ. ಆದರೆ ನನ್ನ ಅನುಭವದಲ್ಲಿ ಸ್ಪೀಡ್ ದುಡ್ಡು ಕೊಟ್ಟರೆ ಬರುತ್ತದೆ, ದೋಣಿ ನೀರಿನ ಮೇಲೆ ನೆಟ್ಟಗೆ ಕೂರುವುದು ಮಾತ್ರ ನಾವೇ ಕೂತು ತೂಗಿ, ಅಳೆದು, ಒಂದೊಂದು ಸೆಂಟಿಮೀಟರ್ ಆಚೀಚೆ ಮಾಡಿ ಬರಿಸಿಕೊಳ್ಳಬೇಕು. ನನ್ನ ಉತ್ತರಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬಂದರೆ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಹೈಡ್ರೋಪ್ಲೇನ್ ಅಂದರೆ ನೀರಿನ ಮೇಲೆ ಇಳಿಯುವ ವಿಮಾನ ಅಂದುಕೊಂಡಿದ್ದೆ. ಫೋಟೋದಲ್ಲಿ ದೋಣಿ ಇದೆ. ಯಾವುದು ಸರಿ?
ಹಾಸನದ ಸಾಲಗಾಮೆ ರಸ್ತೆಯ ಓದುಗರು

ಉತ್ತರ: ದೋಣಿಯೇ ಸರಿ. ನೀವು ಹೇಳುತ್ತಿರುವುದು ಸೀಪ್ಲೇನ್. ಚಿಕ್ಕವರಿದ್ದಾಗ ಕೆರೆಗೆ ಚಪ್ಪಟೆ ಕಲ್ಲು ಎಸೆದು, ಅದು ಕಪ್ಪೆ ಥರ ಕುಪ್ಪಳಿಸಿಕೊಂಡು ಹೋಗುವುದನ್ನು ಎಣಿಸಿದ್ದೀರಿ ಅಲ್ವಾ? ಹೈಡ್ರೋಪ್ಲೇನಿನ ಗುಟ್ಟು ಅಷ್ಟೇ. ಮಾಮೂಲಿ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ, ಸ್ಪೀಡ್ ಹೆಚ್ಚಿದಷ್ಟೂ ನೀರು ಹಿಡಿದು ಎಳೆಯುತ್ತದೆ. ಹೈಡ್ರೋಪ್ಲೇನ್ ನೀರಿನಿಂದ ಮೇಲೆದ್ದು ಮೂರೇ ಮೂರು ಕಡೆ ತಾಗಿಕೊಂಡು ಓಡುತ್ತದೆ. ಮುಂದೆ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ಪಾದದಂಥ ಭಾಗಗಳಿರುತ್ತವೆ, ಅವಕ್ಕೆ ಸ್ಪಾನ್ಸನ್ ಅನ್ನುತ್ತಾರೆ. ಮೂರನೆಯದು ಹಿಂದಿರುವ ಪ್ರೊಪೆಲ್ಲರ್. ಅದೂ ಪೂರ್ತಿ ಮುಳುಗಿರುವುದಿಲ್ಲ. ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ಅದಕ್ಕೇ ಹಿಂದೆ ಹುಂಜದ ಬಾಲದ ಹಾಗೆ ನೀರು ಚಿಮ್ಮುವುದು.

ಈ ಮೂರು ಪಾದದ ದೋಣಿಯನ್ನು 1930ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ವೆಂಟ್ನರ್ ಎಂಬಲ್ಲಿ ಏಪಲ್ ಅನ್ನುವ ಅಪ್ಪ ಮಗ ರೂಢಿಗೆ ತಂದರು. ಪ್ರೊಪೆಲ್ಲರನ್ನು ಅರ್ಧ ಮೇಲೆತ್ತಿ ಓಡಿಸಿದರೆ ಏನಾಗುತ್ತದೆ ಅಂತ ಜಗತ್ತಿಗೆಲ್ಲ ತೋರಿಸಿಕೊಟ್ಟದ್ದು ಸಿಯಾಟಲ್‌ನ ‘ಸ್ಲೋ ಮೋ ಶನ್ 4’. 1950ರ ಜೂನ್ 26ರಂದು ಅಲ್ಲಿನ ವಾಷಿಂಗ್ಟನ್ ಸರೋವರದಲ್ಲಿ ಅದು ಗಂಟೆಗೆ 160 ಮೈಲಿ ದಾಟಿತು, ಅಂದರೆ 258 ಕಿಲೋಮೀಟರ್. ಅದಕ್ಕೆ ಮೊದಲು ಇದ್ದ ದಾಖಲೆ 1939ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಮಾಡಿದ್ದು, ಸುಮಾರು 228. ಒಂದೇ ಏಟಿಗೆ 30 ಕಿಲೋಮೀಟರ್ ಜಾಸ್ತಿ. ಆ ಕಾಲದ ದೋಣಿಗಳಲ್ಲಿ ಇರುತ್ತಿದ್ದದ್ದು ಯುದ್ಧವಿಮಾನದ ಎಂಜಿನ್‌ಗಳು, ಆಲಿಸನ್ ಅಥವಾ ರೋಲ್ಸ್‌ರಾಯ್ಸ್ ಮರ್ಲಿನ್. ಯುದ್ಧ ಮುಗಿದ ಮೇಲೆ ಅವು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಈಗಿನವು ಚಿನೂಕ್ ಹೆಲಿಕಾಪ್ಟರಿನ ಟರ್ಬೈನ್ ಹಾಕಿಕೊಂಡು ಓಡುತ್ತವೆ. ನಾವು ಮಾಡುವುದು ಇಂಥ ದೋಣಿಗಳ ಮರಿ.

ಪ್ರಶ್ನೆ: ಎಷ್ಟು ಸ್ಪೀಡ್?
ಬೇಲೂರು, ಅರಸೀಕೆರೆ, ಕಡೂರು, ತರೀಕೆರೆ, ಇನ್ನೂ ಹಲವರು

ಉತ್ತರ: ನನ್ನದು 1:10 ಅಳತೆಯದು. ಅಸಲಿ ದೋಣಿ 30 ಅಡಿ ಅಂತಿಟ್ಟುಕೊಂಡರೆ ನಮ್ಮದು 3 ಅಡಿ. ಅಮೆರಿಕದಲ್ಲಿ ಜಾಸ್ತಿ ಜನ 1:8 ಅಳತೆಯಲ್ಲೂ ಕಟ್ಟುತ್ತಾರೆ, ಅದು ಸುಮಾರು ಮುಕ್ಕಾಲು ಅಡಿ ಹೆಚ್ಚು ಉದ್ದ.

ಈಗ ಲೆಕ್ಕ. ನಾಲ್ಕು ಸೆಲ್ಲಿನ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಸೆಲ್ಲಿಗೆ 3.7ರಂತೆ 14.8 ವೋಲ್ಟ್. ಮೋಟಾರಿನ ಮೇಲೆ 2000 ಕೆವಿ ಅಂತ ಬರೆದಿರುತ್ತದೆ. ಅದು ಕಿಲೋವೋಲ್ಟ್ ಅಲ್ಲ ಮಾರಾಯ್ರೇ, ಒಂದು ವೋಲ್ಟಿಗೆ ಎಷ್ಟು ಸುತ್ತು ಅಂತ. 14.8ಕ್ಕೆ 2000 ಗುಣಿಸಿದರೆ ನಿಮಿಷಕ್ಕೆ 29,600 ಸುತ್ತು. ಪ್ರೊಪೆಲ್ಲರ್ ಆಕ್ಟೂರಾ ಕಂಪನಿಯ ಎಕ್ಸ್442. ಕೊನೆಯ ಎರಡು ಅಂಕಿ ಅಂದರೆ 42 ಮಿಲಿಮೀಟರ್ ಅಗಲ, ಮೊದಲ 4 ಅಂದರೆ ಅಗಲದ 1.4 ಪಟ್ಟು ಪಿಚ್. ಅಂದರೆ ಒಂದು ಸುತ್ತಿಗೆ 58.8 ಮಿಲಿಮೀಟರ್ ಮುಂದೆ ಹೋಗಬೇಕು. ಎಲ್ಲ ಗುಣಿಸಿ ನೋಡಿದರೆ ಗಂಟೆಗೆ 104 ಕಿಲೋಮೀಟರ್ ಬರುತ್ತದೆ.

ಬರುವುದು ಕಾಗದದ ಮೇಲೆ. ನೀರಿಗಿಳಿದ ಕೂಡಲೇ ಭಾರ ಬಿದ್ದು ಮೋಟಾರಿನ ಸುತ್ತು ಇಳಿಯುತ್ತದೆ, ಬ್ಯಾಟರಿಯ ವೋಲ್ಟ್ ಕುಸಿಯುತ್ತದೆ, ಪ್ರೊಪೆಲ್ಲರ್ ಸ್ವಲ್ಪ ಜಾರುತ್ತದೆ. ನನಗೆ ಸಿಗುವುದು 70ರ ಆಸುಪಾಸು. ಕಡಿಮೆ ಅನ್ನಿಸಿತಾ? ದಂಡೆಯಲ್ಲಿ ನಿಂತು ನೋಡಿ, 3 ಅಡಿಯ ವಸ್ತು ಆ ಸ್ಪೀಡಿನಲ್ಲಿ ನಿಮ್ಮ ಮುಂದೆ ಹಾದುಹೋದರೆ ಕತ್ತು ತಿರುಗಿಸುವಷ್ಟರಲ್ಲಿ ಮುಗಿದಿರುತ್ತದೆ. ಅಸಲಿ ದೋಣಿ ನೇರ ದಾರಿಯಲ್ಲಿ 300 ಮುಟ್ಟುತ್ತದೆ. ನೀರಿನ ಲೆಕ್ಕದಲ್ಲಿ ಅಳತೆಯ ವರ್ಗಮೂಲದಿಂದ ಭಾಗಿಸಬೇಕು, 10ರ ವರ್ಗಮೂಲ 3.16, ಭಾಗಿಸಿದರೆ 95. ಅಂದರೆ ಮರಿ ದೋಣಿ 95ರಲ್ಲಿ ಹೋದರೆ ಅಸಲಿಯದರ ಹಾಗೇ ಕಾಣುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ. ಅದರ ಪ್ಲೈವುಡ್ಡೇ ಅಂಗಡಿಯಲ್ಲೂ ಸಿಗುತ್ತದೆ ಅಂತಾರೆ. ಅದರಲ್ಲೇ ದೋಣಿ ಮಾಡಬಹುದಾ?
ಸಕಲೇಶಪುರದ ಕಾಫಿ ಬೆಳೆಗಾರರು

ಉತ್ತರ: ಮಾಡಬಹುದು, ತೇಲುತ್ತದೆ, ಮೇಲೆ ಏಳುವುದಿಲ್ಲ. ತೊಂದರೆ ಮರದ್ದಲ್ಲ, ದಪ್ಪದ್ದು. ಅಂಗಡಿಯಲ್ಲಿ ತೆಳು ಅಂದರೆ 4 ಮಿಲಿಮೀಟರ್ ಕೊಡುತ್ತಾರೆ. ಅದು ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ತೂಗುತ್ತದೆ. ಒಂದೂವರೆ ಮಿಲಿಮೀಟರಿನ ಬರ್ಚ್ ಮರದ ಪ್ಲೈ ಒಂದೇ ಕಿಲೋ. 3 ಅಡಿ ದೋಣಿಗೆ ತಳ, ಮೇಲ್ಹಾಸು, ಪಕ್ಕ, ಒಳಗಿನ ಅಡ್ಡಪಟ್ಟಿ ಎಲ್ಲ ಸೇರಿ ಮುಕ್ಕಾಲು ಚದರ ಮೀಟರ್ ಬೇಕು ಅಂತಿಟ್ಟುಕೊಳ್ಳಿ. ಕಿಲೋಗಿಂತ ಜಾಸ್ತಿ ಭಾರ ಸುಮ್ನೆ ಹೊತ್ತುಕೊಂಡು ಓಡಬೇಕು. ಬರ್ಚ್ ಪ್ಲೈ ಮಾಡೆಲ್ ವಿಮಾನದ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ, ಹಾಸನಕ್ಕೂ ಕೊರಿಯರ್ ಬರುತ್ತದೆ.

ನಾನೂ ಮೊದಲ ದೋಣಿಗೆ ಉಳಿತಾಯ ಮಾಡಲು ಹೋಗಿದ್ದೆ. ಅಂಗಡಿಯವನು ಮೆರೀನ್ ಪ್ಲೈ ಅಂತ ಆಣೆ ಇಟ್ಟು ಕೊಟ್ಟಿದ್ದ. ಐಎಸ್ 710 ಅನ್ನೋ ಮುದ್ರೆ ನೋಡದೆ ತಂದಿದ್ದು ನನ್ನ ತಪ್ಪು. ಎರಡನೇ ವಾರಕ್ಕೆ ತಳ ಪದರ ಪದರ ಬಿಚ್ಚಿಕೊಂಡು ಹಳೇ ಪುಸ್ತಕದ ಹಾಗೆ ಆಗಿತ್ತು. ಈಗ ಯಾವ ಪ್ಲೈ ತಂದರೂ ಒಂದು ತುಂಡು ಕತ್ತರಿಸಿ ಅರ್ಧ ಗಂಟೆ ಕುದಿಯುವ ನೀರಿಗೆ ಹಾಕುತ್ತೇನೆ. ಬಿಚ್ಚಿಕೊಳ್ಳದಿದ್ದರೆ ಮಾತ್ರ ಗರಗಸ ಹಿಡಿಯುವುದು. ಪಾತ್ರೆ ಬೇರೆ ಇಟ್ಟುಕೊಳ್ಳಿ, ಮನೆಯಲ್ಲಿ ಜಗಳ ಆಗುತ್ತದೆ.

ನಿಮ್ಮ ಸಿಲ್ವರ್ ಓಕನ್ನು ಮೋಟಾರ್ ಕೂರುವ ಕಟ್ಟೆಗೆ, ಸ್ಟ್ಯಾಂಡಿಗೆ ಬಳಸಿ. ನಾನು ಹಾಗೇ ಮಾಡಿದ್ದೇನೆ.

ಪ್ರಶ್ನೆ: ಮಳೆಗಾಲದಲ್ಲಿ ಹೊರಗೆ ಕೆಲಸ ಇಲ್ಲ ಅಂತ ದೋಣಿ ಕಟ್ಟಲು ಕೂತೆ. ಎಪಾಕ್ಸಿ ಎರಡು ದಿನ ಆದರೂ ಅಂಟಂಟು, ಮೇಲೆ ಮೇಣದಂಥ ಪದರ. ಹಾಳಾಯಿತಾ?
ಕೊಪ್ಪದ ಓದುಗರು

ಉತ್ತರ: ಹಾಳಾಗಿಲ್ಲ. ಅದು ಮಲೆನಾಡಿನ ಜುಲೈ. ಎಪಾಕ್ಸಿ ಅಂದರೆ ಎರಡು ದ್ರಾವಣ ಬೆರೆಸಿ ಹಚ್ಚುವ ಅಂಟು. ಅದರಲ್ಲಿರುವ ಗಟ್ಟಿಮಾಡುವ ದ್ರಾವಣ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಆ ಮೇಣ ಕಟ್ಟುತ್ತದೆ. ಚಳಿ ಇದ್ದರೆ ಒಣಗುವುದೂ ನಿಧಾನ. ಮರಳುಕಾಗದ ಹಾಕಿ ಉಜ್ಜಲು ಹೋಗಬೇಡಿ, ಮೇಣ ಒಳಕ್ಕೆ ಹೋಗಿ ಮುಂದಿನ ಕೋಟಿಂಗ್ ಹಿಡಿಯುವುದಿಲ್ಲ. ಬೆಚ್ಚಗಿನ ನೀರು, ಪಾತ್ರೆ ಉಜ್ಜುವ ನಾರು, ಚೆನ್ನಾಗಿ ತೊಳೆದು ಒಣಗಿಸಿ, ಆಮೇಲೆ ಉಜ್ಜಿ. ಮುಂದಿನ ಸಲ ದೊಡ್ಡ ರಟ್ಟಿನ ಡಬ್ಬ ತಂದು ಅದರೊಳಗೆ ದೋಣಿ ಇಟ್ಟು, ಕೋಳಿಮರಿಗೆ ಹಾಕುವ ಬಲ್ಬ್ ಹಾಕಿ. ಬಲ್ಬ್ ರಟ್ಟಿಗೆ ತಾಗದಿರಲಿ, ಹಾಕಿಟ್ಟು ಊರಿಗೆ ಹೋಗಬೇಡಿ. ಅಳತೆ ಮಾತ್ರ ತೂಕದಲ್ಲಿ ಅಥವಾ ಗಾತ್ರದಲ್ಲಿ, ಡಬ್ಬದ ಮೇಲೆ ಹೇಗೆ ಬರೆದಿದೆಯೋ ಹಾಗೇ. ಬೇಗ ಒಣಗಲಿ ಅಂತ ಗಟ್ಟಿಮಾಡುವ ದ್ರಾವಣ ಜಾಸ್ತಿ ಸುರಿದರೆ ಅದು ಎಂದೂ ಗಟ್ಟಿಯಾಗುವುದಿಲ್ಲ.

ಒಳಗೆ ತುಂಬಲು ಥರ್ಮೋಕೋಲ್ ಬಳಸುತ್ತೇನೆ ಅಂತಲೂ ಬರೆದಿದ್ದೀರಿ. ಎಪಾಕ್ಸಿ ಆದರೆ ಬಳಸಿ. ಫೈಬರ್ ಶೀಟ್ ಮಾಡುವವರ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮೋಕೋಲ್ ಕರಗಿ ಮಂಗಮಾಯ. ಫೆವಿಕ್ವಿಕ್ ಥರದ್ದೂ ತಿನ್ನುತ್ತದೆ.

ಪ್ರಶ್ನೆ: ನನ್ನ ದೋಣಿ ಅರ್ಧ ಥ್ರಾಟಲ್‌ನಲ್ಲಿ ಚೆನ್ನಾಗಿ ಹೋಗುತ್ತದೆ. ಪೂರ್ತಿ ಒತ್ತಿದರೆ ಮೂಗು ಎತ್ತಿ ಹಿಂದಕ್ಕೆ ಪಲ್ಟಿ. ಮೋಟಾರ್ ಜಾಸ್ತಿ ಆಯಿತಾ?
ಚಿಕ್ಕಮಗಳೂರಿನ ಜಯನಗರದ ಓದುಗರು

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ. ಮೋಟಾರ್ ಅಲ್ಲ, ತೂಕ. ದೋಣಿಯ ಕೆಳಗೆ, ಎರಡು ಸ್ಪಾನ್ಸನ್ ನಡುವೆ ಗಾಳಿ ನುಗ್ಗುತ್ತದೆ. ಅದೇ ಗಾಳಿ ದೋಣಿಯನ್ನು ಎತ್ತಿ ಹಗುರ ಮಾಡುವುದು, ನಮಗೂ ಬೇಕು. ಆದರೆ ಗಾಳಿಯ ಎತ್ತುವ ಬಲ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸ್ಪೀಡ್ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅರ್ಧ ಥ್ರಾಟಲ್‌ನಲ್ಲಿ ಸಾಧು ಹಸುವಿನಂತಿದ್ದದ್ದು ಪೂರ್ತಿಯಲ್ಲಿ ಎಗರುವುದು ಅದಕ್ಕೇ. ಮೂಗು ಒಂದು ಸಲ ಎದ್ದರೆ ಇಡೀ ಮೇಲ್ಹಾಸು ರೆಕ್ಕೆಯಾಗಿಬಿಡುತ್ತದೆ, ಆಮೇಲೆ ನಿಮ್ಮ ರಿಮೋಟಿಗೆ ಅಲ್ಲಿ ಕೆಲಸವಿಲ್ಲ.

ಮೊದಲು ಬ್ಯಾಟರಿ ಸಮೇತ ದೋಣಿಯನ್ನು ಎರಡು ಬೆರಳ ಮೇಲೆ ಎತ್ತಿ, ಎಲ್ಲಿ ಸಮ ನಿಲ್ಲುತ್ತದೆ ನೋಡಿ. ಆ ಜಾಗ ಸ್ಪಾನ್ಸನ್‌ಗಳ ಹಿಂದಿನ ಅಂಚಿಗಿಂತ ಸ್ವಲ್ಪವೇ ಹಿಂದೆ ಇರಬೇಕು. ತುಂಬ ಹಿಂದಿದ್ದರೆ ಪಲ್ಟಿ. ತುಂಬ ಮುಂದಿದ್ದರೆ ಮೂಗು ನೀರಿಗೆ ಒತ್ತಿಕೊಂಡು, ನೆನೆದ ಗೋಣಿಚೀಲ ಎಳೆದ ಹಾಗೆ ಹೋಗುತ್ತದೆ, ಅಲೆ ಸಿಕ್ಕರೆ ಮುಗ್ಗರಿಸುತ್ತದೆ. ಬ್ಯಾಟರಿ ಕೂರುವ ಜಾಗಕ್ಕೆ ವೆಲ್‌ಕ್ರೋ ಹಾಕಿ. ಒಂದೊಂದು ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಪ್ರತಿ ಸಲ ಓಡಿಸಿ ನೋಡಿ, ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಹುಡುಗರು ಬ್ಯಾಟರಿ, ಪ್ರೊಪೆಲ್ಲರ್, ಸ್ಟ್ರಟ್ ಮೂರೂ ಒಟ್ಟಿಗೆ ಬದಲಿಸಿ, ಆಮೇಲೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ ತಲೆ ಕೆರೆದುಕೊಳ್ಳುತ್ತಾರೆ.

ಎರಡನೆಯದು ಸ್ಟ್ರಟ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಹಿಡಿದುಕೊಂಡಿರುವ ಹಿಂದಿನ ತುಂಡು. ಅದನ್ನು ಒಂದು ಮಿಲಿಮೀಟರ್ ಕೆಳಗಿಳಿಸಿದರೆ ದೋಣಿಯ ಬಾಲ ಎದ್ದು ಮೂಗು ತಗ್ಗುತ್ತದೆ. ಮೂರನೆಯದು ಸ್ಪಾನ್ಸನ್ ತಳದ ಓರೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಗಿಂತ ಚಪ್ಪಟೆಯಾದ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ದೋಣಿಯನ್ನು ಅಲ್ಲಿಟ್ಟು ಕೋನ ಅಳೆಯಿರಿ. ಎರಡರಿಂದ ನಾಲ್ಕು ಡಿಗ್ರಿ ಒಳಗೆ ಇರಲಿ. ಅದಕ್ಕಿಂತ ಮುಖ್ಯ, ಎಡದ್ದು ಬಲದ್ದು ಎರಡೂ ಒಂದೇ ಇರಲಿ. ಎಡ ಮೂರು ಬಲ ನಾಲ್ಕು ಇದ್ದರೆ ದೋಣಿ ಕುಂಟುತ್ತದೆ.

ನನ್ನದೇ ಒಂದು ಕತೆ ಹೇಳುತ್ತೇನೆ. ಮೂಡಿಗೆರೆ ಕಡೆ ಸ್ನೇಹಿತರ ತೋಟದಲ್ಲಿ ಒಂದು ಕೆರೆ ಇದೆ, ಫೆಬ್ರವರಿ ಬೆಳಿಗ್ಗೆ ಕನ್ನಡಿಯ ಹಾಗಿರುತ್ತದೆ. ಹಿಂದಿನ ದಿನ ದೋಣಿ ಚೆನ್ನಾಗಿ ಓಡಿತ್ತು. ಇನ್ನೂ ಹಗುರವಾಗಿ ಹಾರಲಿ ಅಂತ ಆಸೆಬಿದ್ದು ಬ್ಯಾಟರಿಯನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ತಳ್ಳಿದೆ. ಎರಡು ಸುತ್ತು ಬಂಗಾರದ ಹಾಗೆ ಹೋಯಿತು. ಮೂರನೇ ಸುತ್ತಿನಲ್ಲಿ ಸಿಲ್ವರ್ ಓಕ್ ಸಾಲಿನ ನಡುವಿಂದ ಒಂದು ಗಾಳಿ ಎದುರಿಗೆ ಬೀಸಿತು, ನೀರಿನ ಮೇಲೆ ಬರೀ ಒಂದು ಗೆರೆ ಮೂಡಿದಷ್ಟು. ದೋಣಿ ಮೂಗೆತ್ತಿತು, ತಳದ ಬಿಳಿ ಪೂರ್ತಿ ಕಂಡಿತು, ಒಂದು ಕ್ಷಣ ಬಾಲದ ಮೇಲೆ ನೆಟ್ಟಗೆ ನಿಂತಿತ್ತು ಅಂದರೆ ನಂಬಿ, ಆಮೇಲೆ ಬೆನ್ನಡಿಯಾಗಿ ಬಿತ್ತು. ಹಿಂದಿನ ರೆಕ್ಕೆ ಒಂದು ಕಡೆ, ಮುಚ್ಚಳ ಒಂದು ಕಡೆ. ಕಾಫಿ ಕೊಯ್ಲು ಮುಗಿಸಿ ಟೀಗೆ ಕೂತಿದ್ದವರಲ್ಲಿ ಒಬ್ಬ ಹೆಂಗಸು ನಿಧಾನಕ್ಕೆ ಕೇಳಿದರು, ‘ಸಾರ್, ಇದು ತೇಲೋದಾ ಹಾರೋದಾ?’ ಅವರ ಪ್ರಶ್ನೆ ಈ ಕಾಲಮ್ಮಿನ ಎಲ್ಲ ಪ್ರಶ್ನೆಗಿಂತ ಚೆನ್ನಾಗಿತ್ತು.

ಅಸಲಿ ದೋಣಿಗಳಲ್ಲಿ ಇದು ತಮಾಷೆಯಲ್ಲ. ಮಾಲ್ಕಮ್ ಅವರ ಮಗ ಡೊನಾಲ್ಡ್ ಕ್ಯಾಂಪ್‌ಬೆಲ್ 1967ರ ಜನವರಿಯಲ್ಲಿ ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ತೀರಿಕೊಂಡಿದ್ದು ದೋಣಿ ಹೀಗೇ ಮೂಗೆತ್ತಿ ಮಗುಚಿದಾಗ. 1981ರಲ್ಲಿ ರೇಸಿನ ದೊಡ್ಡ ಹೆಸರು ಬಿಲ್ ಮನ್ಸಿ ಸತ್ತದ್ದೂ ಹೀಗೇ. ಇಂಥ ಸಾವುಗಳ ನಂತರವೇ ರೇಸಿನ ದೋಣಿಗಳಲ್ಲಿ ಚಾಲಕನ ಜಾಗಕ್ಕೆ ಯುದ್ಧವಿಮಾನದ್ದರಂಥ ಗಟ್ಟಿ ಮುಚ್ಚಳ ಬಂದಿದ್ದು.

ಪ್ರಶ್ನೆ: ಹಾಸನ, ಚಿಕ್ಕಮಗಳೂರಲ್ಲಿ ಎಲ್ಲಿ ಓಡಿಸುವುದು? ಗೊರೂರು ಹಿನ್ನೀರು ಆಗುತ್ತದಾ?
ಹೊಳೆನರಸೀಪುರದ ಓದುಗರು

ಉತ್ತರ: ಗೊರೂರಿನ ಹೇಮಾವತಿ ಹಿನ್ನೀರು ನೋಡಲು ಚೆಂದ, ಶೆಟ್ಟಿಹಳ್ಳಿಯ ಮುಳುಗಿದ ಚರ್ಚ್ ಫೋಟೋಗೂ ಚೆಂದ, ನಮಗೆ ಆಗುವುದಿಲ್ಲ. ಬಯಲು ನೀರು ಅಗಲವಾದಷ್ಟೂ ಗಾಳಿಗೆ ಓಡಲು ಜಾಗ ಜಾಸ್ತಿ, ಅಲೆ ದೊಡ್ಡದು. ನಾಲ್ಕು ಇಂಚಿನ ಅಲೆ ನಿಮಗೆ ಅಲೆಯೇ ಅಲ್ಲ. 1:10 ದೋಣಿಗೆ ಅದು 40 ಇಂಚು, ಎದೆಮಟ್ಟ ಬಂದ ಗೋಡೆ. ಬೇಲೂರಿನ ಯಗಚಿಯಲ್ಲಿ ಜಲಕ್ರೀಡೆಯ ದೋಣಿಗಳು ಓಡಾಡುತ್ತವೆ, ಅವು ಎಬ್ಬಿಸುವ ಅಲೆ ತುಂಬ ಹೊತ್ತು ಇಳಿಯುವುದಿಲ್ಲ. ಸಖರಾಯಪಟ್ಟಣದ ಅಯ್ಯನಕೆರೆ ನನಗೆ ತುಂಬ ಇಷ್ಟ, ಆದರೆ ಅದೂ ದೊಡ್ಡದು, ಬೆಳಿಗ್ಗೆ ಒಂಬತ್ತರ ಮೇಲೆ ಗಾಳಿ ಎದ್ದರೆ ಮುಗಿಯಿತು. ಹಿರೇಕೊಳಲೆ ಕೆರೆ ಚಿಕ್ಕಮಗಳೂರಿಗೆ ಕುಡಿಯುವ ನೀರು, ಅಲ್ಲಿ ದಯವಿಟ್ಟು ಬೇಡ.

ನಮಗೆ ಬೇಕಾದದ್ದು ಚಿಕ್ಕ ಕೆರೆ, ಸುತ್ತ ಮರ ಅಥವಾ ಎತ್ತರದ ಏರಿ, 150 ಮೀಟರ್ ನೇರ ದಾರಿ. ಅಂಥವು ಎರಡೂ ಜಿಲ್ಲೆಯಲ್ಲಿ ಊರಿಗೊಂದು ಸಿಗುತ್ತವೆ. ಮೊದಲು ಮೂರು ವಿಷಯ ನೋಡಿ. ಮೀನಿಗೆ ಗುತ್ತಿಗೆ ಕೊಟ್ಟಿದ್ದಾರಾ, ಬಲೆ ಎಲ್ಲಿ ಹಾಕಿದ್ದಾರೆ? ಪ್ರೊಪೆಲ್ಲರ್‌ಗೆ ಬಲೆ ಸುತ್ತಿಕೊಂಡರೆ ದೋಣಿಯೂ ಹೋಯಿತು, ಬಲೆಯವನ ಜೊತೆ ಜಗಳವೂ ಆಯಿತು, ತಪ್ಪು ನಮ್ಮದೇ. ಪಂಚಾಯ್ತಿಯವರಿಗೆ ಒಂದು ಮಾತು ಹೇಳಿದ್ದೀರಾ? ಅಂತರಗಂಗೆ, ಜೊಂಡು ಎಷ್ಟಿದೆ? ಒಂದು ಎಲೆ ಸ್ಟ್ರಟ್‌ಗೆ ಸಿಕ್ಕಿಕೊಂಡರೂ ದೋಣಿ ನಿಲ್ಲುತ್ತದೆ. ವಲಸೆ ಹಕ್ಕಿ ಕೂತಿರುವ ಕಡೆ ಹೋಗಲೇಬೇಡಿ.

ಕಾಲ ಅಂದರೆ ನವೆಂಬರಿನಿಂದ ಮಾರ್ಚ್, ಬೆಳಿಗ್ಗೆ ಏಳರಿಂದ ಒಂಬತ್ತು. ಮಂಜು ಇದ್ದರೆ ಏಳುವವರೆಗೆ ಕಾಯಬೇಕು. ಒಂದು ಫ್ಲಾಸ್ಕ್ ಕಾಫಿ ಸಾಕು. ಮಂಜಿನೊಳಗೆ ಓಡಿಸಲು ಹೋಗಿ ಮೋಟಾರ್ ಸದ್ದು ಕೇಳಿಕೊಂಡೇ ದೋಣಿ ಹುಡುಕಿದವರಿದ್ದಾರೆ. ಯಾರು ಅಂತ ಕೇಳಬೇಡಿ.

ಪ್ರಶ್ನೆ: ಬ್ಯಾಟರಿ ಹಲಸಿನ ಕಾಯಿಯ ಹಾಗೆ ಊದಿದೆ. ಇನ್ನೂ ಚಾರ್ಜ್ ಆಗುತ್ತಿದೆ. ಬಳಸಬಹುದಾ?
ಕಡೂರಿನ ಓದುಗರು

ಉತ್ತರ: ಬೇಡ. ಇವತ್ತೇ ಮನೆಯಿಂದ ಆಚೆ ಇಡಿ. ಊದಿದೆ ಅಂದರೆ ಒಳಗೆ ಅನಿಲ ಸೇರಿದೆ.

ಈ ಬ್ಯಾಟರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ದೋಣಿ ಪೂರ್ತಿ ಥ್ರಾಟಲ್‌ನಲ್ಲಿ 80 ಆಂಪ್ ಎಳೆಯುತ್ತದೆ. 14.8 ವೋಲ್ಟಿಗೆ ಗುಣಿಸಿದರೆ ಸುಮಾರು 1200 ವ್ಯಾಟ್, ಒಂದೂವರೆ ಎಚ್‌ಪಿ ಪಂಪ್‌ಸೆಟ್ಟಿನಷ್ಟು, ಅಂಗೈ ಅಗಲದ ಪೊಟ್ಟಣದಿಂದ. 5000 ಎಂಎಎಚ್ ಬ್ಯಾಟರಿಯನ್ನು 5 ಆಂಪಿನಲ್ಲಿ ಚಾರ್ಜ್ ಮಾಡಿ, ಒಂದು ಗಂಟೆ ಹಿಡಿಯುತ್ತದೆ, ಅವಸರ ಬೇಡ. ಸೆಲ್ಲಿಗೆ 4.2 ವೋಲ್ಟ್ ಮೀರಬಾರದು. ಓಡಿಸುವಾಗ ಮೂರು ನಿಮಿಷಕ್ಕೆ ದಂಡೆಗೆ ತನ್ನಿ, ಪೂರ್ತಿ ಬತ್ತಿಸಬೇಡಿ. ವಾರಗಟ್ಟಲೆ ಇಡುವುದಾದರೆ ಸೆಲ್ಲಿಗೆ 3.8ರಲ್ಲಿ ಇಡಿ. ಜನ ಎಡವುವುದು ಇಲ್ಲೇ. ಭಾನುವಾರ ಹೋಗೋಣ ಅಂತ ಶನಿವಾರ ರಾತ್ರಿ ತುಂಬಿಸುತ್ತಾರೆ, ಭಾನುವಾರ ಮಳೆ ಬರುತ್ತದೆ, ಬ್ಯಾಟರಿ ಒಂದು ತಿಂಗಳು ತುಂಬಿಕೊಂಡೇ ಕೂತಿರುತ್ತದೆ. ನಿಮ್ಮದೂ ಹಾಗೇ ಊದಿರಬೇಕು, ಅಲ್ವಾ?

ಚಾರ್ಜ್ ಮಾಡುವಾಗ ಸಿಮೆಂಟ್ ನೆಲದ ಮೇಲೆ, ಮಣ್ಣಿನ ಕುಂಡದೊಳಗೆ ಇಡಿ. ಪಕ್ಕದಲ್ಲೇ ಇರಿ. ಹಾಸಿಗೆ ಮೇಲೆ ಇಟ್ಟು ಮಲಗುವವರಿಗೆ ಈ ಹವ್ಯಾಸ ಬೇಡ.

ಪ್ರಶ್ನೆ: ದೋಣಿ ಮಗುಚಿದ ಮೇಲೆ ರಿಮೋಟ್ ಕೇಳುವುದೇ ಇಲ್ಲ. ರಿಸೀವರ್ ಹಾಳಾ?
ಹಾಸನದ ಹಿಮ್ಸ್ ಹತ್ತಿರದ ಓದುಗರು

ಉತ್ತರ: 2.4 ಗಿಗಾಹರ್ಟ್ಸ್ ಸಿಗ್ನಲ್ ನೀರನ್ನು ದಾಟುವುದಿಲ್ಲ. ಆಂಟೆನಾ ಮುಳುಗಿದರೆ ಸಂಪರ್ಕ ಹೋಗುತ್ತದೆ, ಅಷ್ಟೇ. ಸಂಪರ್ಕ ಹೋದಾಗ ಮೋಟಾರ್ ತಾನೇ ನಿಲ್ಲುವ ಹಾಗೆ ಫೇಲ್‌ಸೇಫ್ ಹಾಕಿದ್ದೀರಾ? ಸ್ಟ್ಯಾಂಡ್ ಮೇಲಿಟ್ಟು, ರಿಮೋಟ್ ಆಫ್ ಮಾಡಿ ನೋಡಿ. ಪ್ರೊಪೆಲ್ಲರ್ ತಿರುಗುತ್ತಲೇ ಇದ್ದರೆ ನೀರಿಗೆ ಇಳಿಸಬೇಡಿ. ನೋಡುವಾಗ ಬೆರಳು ದೂರ.

ಪ್ರಶ್ನೆ: ನಡುಗೆರೆಯಲ್ಲಿ ನಿಂತ ದೋಣಿಯನ್ನು ತರುವುದು ಹೇಗೆ? ನನಗೆ ಈಜು ಬರುತ್ತದೆ.
ಆಲೂರಿನ ಓದುಗರು

ಉತ್ತರ: ಈಜು ಬಂದರೂ ಇಳಿಯಬೇಡಿ. ನಮ್ಮ ಕೆರೆಗಳ ಹೂಳು, ಜೊಂಡಿನ ಬೇರು ಈಜು ಬರುವವರನ್ನೂ ಹಿಡಿಯುತ್ತದೆ. ಬೆಳಗಿನ ನೀರು ಬೇರೆ ಕೊರೆಯುತ್ತಿರುತ್ತದೆ. ಗಾಳಕ್ಕೆ ಟೆನಿಸ್ ಚೆಂಡು ಕಟ್ಟಿ, ದೋಣಿಯ ಆಚೆ ಬೀಳುವಂತೆ ಎಸೆದು ಎಳೆದುಕೊಳ್ಳಿ. ಎರಡು ಮೂರು ಸಲಕ್ಕೆ ಕೈ ಪಳಗುತ್ತದೆ. ದೂರ ಇದ್ದರೆ ಮೀನು ಹಿಡಿಯುವವರ ಹರಿಗೋಲು ಕೇಳಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಅದೂ ಇಲ್ಲದಿದ್ದರೆ ಗಾಳಿ ತಳ್ಳಿಕೊಂಡು ಬರುವವರೆಗೆ ಕೂತಿರಿ. ಎರಡು ಗಂಟೆ ಕಾದದ್ದು ಉಂಟು.

ಪ್ರಶ್ನೆ: ನಾಲ್ಕು ಜನ ಸೇರಿದ್ದೇವೆ, ನಾಲ್ಕು ದೋಣಿ. ರೇಸ್ ಹೇಗೆ ಇಡುವುದು?
ಚನ್ನರಾಯಪಟ್ಟಣದ ಗೆಳೆಯರು

ಉತ್ತರ: ಶಹಬ್ಬಾಸ್. ಗೆರೆ ಮೇಲೆ ನಿಲ್ಲಿಸಿ ಸೀಟಿ ಊದಬೇಡಿ. ಹೈಡ್ರೋಪ್ಲೇನ್ ನಿಂತಲ್ಲೇ ನಿಲ್ಲುವ ಪ್ರಾಣಿ ಅಲ್ಲ, ನಿಧಾನದಲ್ಲಿ ನೀರು ಕುಡಿಯುತ್ತದೆ. ಅಸಲಿ ರೇಸಿನಲ್ಲೂ ಮಾಡೆಲ್ ರೇಸಿನಲ್ಲೂ ಗಡಿಯಾರದ ಸ್ಟಾರ್ಟ್. ದೋಣಿಗಳು ಮೊದಲೇ ಸುತ್ತು ಹಾಕುತ್ತಿರುತ್ತವೆ, ಒಬ್ಬ ಗಟ್ಟಿಯಾಗಿ ಸೆಕೆಂಡ್ ಎಣಿಸುತ್ತಾನೆ, ಸೊನ್ನೆ ಆದ ಮೇಲೆ ಗೆರೆ ದಾಟಬೇಕು. ಒಂದು ಕ್ಷಣ ಮೊದಲು ದಾಟಿದರೆ ದಂಡ. ಓಡುವುದಕ್ಕಿಂತ ಈ ಸಮಯ ಹೊಂದಿಸುವುದೇ ಕಷ್ಟ. ಅರ್ಧ ರೇಸ್ ಅಲ್ಲೇ ಗೆಲ್ಲುವುದು.

ಎರಡು ಕಡೆ ಬಾಯಿ ಬಿಗಿದ ಖಾಲಿ ಕ್ಯಾನ್‌ಗಳನ್ನು ಕಲ್ಲು ಕಟ್ಟಿ ತೇಲಿಬಿಡಿ, ಅವೇ ತಿರುವು. ಎಲ್ಲರೂ ಬಲಕ್ಕೇ ತಿರುಗಬೇಕು, ಗಡಿಯಾರದ ಮುಳ್ಳಿನ ಹಾಗೆ. ಅಸಲಿ ದೋಣಿಗಳು ಎಡಕ್ಕೆ ತಿರುಗುತ್ತವೆ, ಮಾಡೆಲ್ ರೇಸಿನಲ್ಲಿ ಬಲಕ್ಕೆ ರೂಢಿ. ಆದ್ದರಿಂದ ತಿರುವಿನಲ್ಲಿ ನೀರು ಹಿಡಿಯುವ ಲೋಹದ ಫಿನ್ ಬಲ ಸ್ಪಾನ್ಸನ್‌ಗೆ ಬರಬೇಕು. ಅಸಲಿಯ ಫೋಟೋ ನೋಡಿ ಎಡಕ್ಕೆ ಹಾಕಿದರೆ ಮೊದಲ ತಿರುವಿನಲ್ಲೇ ಜಾರಿಕೊಂಡು ಏರಿಗೆ ಹೋಗುತ್ತದೆ. ಮುಂದಿರುವವನು ಸಾಕಷ್ಟು ಅಂತರ ಇಲ್ಲದೆ ಅಡ್ಡ ಬರಬಾರದು, ಹಿಂದಿನವನಿಗೆ ಆ ಚಿಮ್ಮುವ ನೀರಿನಲ್ಲಿ ಏನೂ ಕಾಣುವುದಿಲ್ಲ. ನೋಡುವವರು ಓಡಿಸುವವರ ಹಿಂದೆ, ಏರಿಯ ಮೇಲೆ.

ಪ್ರಶ್ನೆ: ನೈಟ್ರೋ ಎಂಜಿನ್ ಸದ್ದು ಇಲ್ಲದಿದ್ದರೆ ಏನು ಮಜಾ?
ಬಾಣಾವರದ ಓದುಗರು

ಉತ್ತರ: ಸದ್ದು ನನಗೂ ಇಷ್ಟ. ಆದರೆ ಅದರ ಇಂಧನದಲ್ಲಿ ಮುಖ್ಯವಾಗಿ ಇರುವುದು ಮೆಥನಾಲ್, ಅದು ವಿಷ, ಕೈಗೆ ಸುಲಭವಾಗಿ ಸಿಗುವುದೂ ಇಲ್ಲ. ಉರಿಯದೆ ಉಳಿದ ಎಣ್ಣೆ ಕೆರೆಗೆ ಬೀಳುತ್ತದೆ, ದನ ಅದೇ ನೀರು ಕುಡಿಯುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಮೇಲಿವೆ, ಗಾಳಿಯ ಒತ್ತಡ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಹೊಂದಿಸಿ ತಂದ, ಎಂಜಿನ್ನಿಗೆ ಇಂಧನ ಎಷ್ಟು ಹೋಗಬೇಕು ಅಂತ ನೋಡಿಕೊಳ್ಳುವ ಸೂಜಿಯನ್ನು ಇಲ್ಲಿ ಮತ್ತೆ ತಿರುಗಿಸಬೇಕು, ಶಕ್ತಿಯೂ ಅಷ್ಟು ಬರುವುದಿಲ್ಲ. ವಿದ್ಯುತ್ ಮೋಟಾರಿಗೆ ಆ ರಗಳೆ ಇಲ್ಲ.

ಪ್ರಶ್ನೆ: ನಾನು 8ನೇ ಕ್ಲಾಸ್ ಹುಡುಗಿ. ಅಪ್ಪ ಮರಗೆಲಸ ಮಾಡುತ್ತಾರೆ. ಮನೆಯಲ್ಲೇ ದೋಣಿ ಕಟ್ಟಲು ಆಗುತ್ತದಾ, ಇಲ್ಲ ದೊಡ್ಡ ವರ್ಕ್‌ಶಾಪ್ ಬೇಕಾ?
ತರೀಕೆರೆಯಿಂದ

ಉತ್ತರ: ಮರಗೆಲಸದ ಅಪ್ಪ ಇದ್ದಾರೆ ಅಂದರೆ ನೀನು ನನಗಿಂತ ಹತ್ತು ಹೆಜ್ಜೆ ಮುಂದೆ. ಆಸ್ಟ್ರೇಲಿಯಾದಲ್ಲಿ ಕೆನ್ ವಾರ್ಬಿ ಅಂತ ಒಬ್ಬರು ಸಿಡ್ನಿಯಲ್ಲಿ ತಮ್ಮ ಮನೆಯ ಹಿತ್ತಲಲ್ಲಿ ಮರ, ಫೈಬರ್ ಬಳಸಿ ಒಂದು ದೋಣಿ ಕಟ್ಟಿದರು. ಮಿಲಿಟರಿಯವರು ಮಾರಿದ ಹಳೇ ಜೆಟ್ ಎಂಜಿನ್ ಕೊಂಡು ಹಾಕಿದರು. 1978ರ ಅಕ್ಟೋಬರ್ 8ರಂದು ಅಲ್ಲಿನ ಬ್ಲೋವರಿಂಗ್ ಅಣೆಕಟ್ಟೆಯ ನೀರಿನಲ್ಲಿ, ನಮ್ಮ ಗೊರೂರಿನಂಥದ್ದೇ ಹಿನ್ನೀರಲ್ಲಿ, ಗಂಟೆಗೆ 511 ಕಿಲೋಮೀಟರ್ ಓಡಿಸಿದರು. ನೀರಿನ ಮೇಲಿನ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಹಿತ್ತಲು ಸಾಕು.

ಮೊದಲು ಮೋಟಾರಿಲ್ಲದೆ ರಟ್ಟಿನಲ್ಲಿ ಒಂದು ಮಾಡು. ಹಗ್ಗ ಕಟ್ಟಿ ದಂಡೆಯ ಉದ್ದಕ್ಕೂ ಓಡುತ್ತಾ ಎಳೆ. ಒಳಗೆ ಒಂದು ಕಲ್ಲಿಟ್ಟು ಮುಂದೆ ಹಿಂದೆ ಸರಿಸಿ ನೋಡು, ಎಲ್ಲಿದ್ದಾಗ ಚೆನ್ನಾಗಿ ಜಾರುತ್ತದೆ ಅಂತ. ಆಮೇಲೆ ಪ್ಲೈವುಡ್. ಬ್ಯಾಟರಿಯ ಕೆಲಸ ಅಪ್ಪನ ಕೈಯಲ್ಲೇ ಇರಲಿ.

ಪ್ರಶ್ನೆ: ನನ್ನ ದೋಣಿ ಕಟ್ಟಿ ಮುಗಿಯಿತು. ಯಾವ ಬಣ್ಣ ಹೊಡೆಯಲಿ?
ಅರಸೀಕೆರೆಯ ಓದುಗರು

ಉತ್ತರ: ಮೇಲ್ಭಾಗಕ್ಕೆ ನಿಮಗೆ ಇಷ್ಟವಾದ ಅಸಲಿ ದೋಣಿಯ ಬಣ್ಣ. ತೆಳ್ಳಗೆ ಹೊಡೆಯಿರಿ, ಬಣ್ಣವೂ ತೂಗುತ್ತದೆ. ತಳಕ್ಕೆ ಮಾತ್ರ ಕಣ್ಣು ಕುಕ್ಕುವ ಕಿತ್ತಳೆ. ಮೊದಲ ತಿಂಗಳು ದಂಡೆಯಿಂದ ನಿಮಗೆ ಹೆಚ್ಚು ಕಾಣುವುದು ಅದೇ ಭಾಗ.